ಹೊಲದ ಲೆಕ್ಕಕ್ಕೆ ಎರಡು ಉತ್ತರ

ಒಂದು ಹೊಲವಿದೆ. ಮೇಲಿನ ಬದು 10 ಕೋಲು, ಅದಕ್ಕೆ ಸಮಾನಾಂತರವಾದ ಕೆಳಗಿನ ಬದು 20 ಕೋಲು, ಎರಡು ಪಕ್ಕಗಳು ತಲಾ 13 ಕೋಲು. ವಿಸ್ತೀರ್ಣ ಎಷ್ಟು? ಇಂದಿನ ಮಾಧ್ಯಮಿಕ ಶಾಲೆಯ ಹುಡುಗ ಇದು ತ್ರಾಪಿಜ್ಯವೆಂದು ಗುರುತಿಸಿ, ಸೂತ್ರಕ್ಕಾಗಿ ಪುಸ್ತಕದ ಪುಟ ತಿರುವುತ್ತಾನೆ. ಸುಮಾರು 1,150 ವರ್ಷಗಳ ಹಿಂದೆ ಇಂಥ ಪ್ರಶ್ನೆಗೆ ಒಂದಲ್ಲ, ಎರಡು ಉತ್ತರಗಳನ್ನು ಕಲಿಸುವ ಗ್ರಂಥವೊಂದು ರಚನೆಯಾಗಿತ್ತು.

ಅದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ. ಜೈನ ಗಣಿತಜ್ಞ ಮಹಾವೀರಾಚಾರ್ಯ ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಗಣಿತ ಎಲ್ಲೆಲ್ಲಿ ಬೇಕು ಎಂದು ಆರಂಭದಲ್ಲೇ ಆತ ಪಟ್ಟಿ ಕೊಡುತ್ತಾನೆ: ಸಂಗೀತ, ನಾಟಕ, ವೈದ್ಯ, ವಾಸ್ತು, ಕೊನೆಗೆ ಅಡುಗೆಗೂ! ಕ್ಷೇತ್ರಗಳಿಗೆ ಒಂದು ಅಧ್ಯಾಯ, ಅಗೆತಕ್ಕೆ ಇನ್ನೊಂದು, ನೆರಳಿಗೆ ಮತ್ತೊಂದು. ಆಕೃತಿಗಳ ಹೆಸರುಗಳೂ ಕಂಡುಂಡ ವಸ್ತುಗಳವೇ. ಜವೆಗೋಧಿಯ ಕಾಳು, ಮೃದಂಗ, ಶಂಖ, ಆನೆಯ ದಂತ ಎಂದೊಡನೆ ಆಕಾರ ಕಣ್ಣಿಗೆ ಕಟ್ಟುತ್ತದೆ.

ವಿಸ್ತೀರ್ಣದ ಲೆಕ್ಕದಲ್ಲಿ ಮಹಾವೀರ ‘ವ್ಯಾವಹಾರಿಕ’, ‘ಸೂಕ್ಷ್ಮ’ ಎಂಬ ಎರಡು ದಾರಿ ತೋರಿಸುತ್ತಾನೆ. ವ್ಯಾವಹಾರಿಕದಲ್ಲಿ ಎದುರುಬದುರು ಬಾಹುಗಳನ್ನು ಕೂಡಿ ಅರ್ಧಿಸಿ, ಬಂದ ಎರಡು ಸಂಖ್ಯೆಗಳನ್ನು ಗುಣಿಸಬೇಕು. ನಮ್ಮ ಹೊಲಕ್ಕೆ 15ನ್ನು 13ರಿಂದ ಗುಣಿಸಿದರೆ 195 ಚದರ ಕೋಲು. ಸೂಕ್ಷ್ಮದಲ್ಲಿ ನಾಲ್ಕು ಬಾಹುಗಳ ಮೊತ್ತದ ಅರ್ಧವಾದ 28ರಿಂದ ಒಂದೊಂದೇ ಬಾಹುವನ್ನು ಕಳೆಯಬೇಕು. 18, 8, 15, 15 ಉಳಿಯುತ್ತವೆ. ಅವುಗಳ ಗುಣಲಬ್ಧ 32,400, ಅದರ ವರ್ಗಮೂಲ 180. ಇದೇ ಸರಿಯಾದ ಉತ್ತರ.

ಮಿಕ್ಕ 15 ಚದರ ಕೋಲು ನೆಲದ ಮೇಲೆ ಇಲ್ಲವೇ ಇಲ್ಲ. ಆಯತವೊಂದನ್ನು ಬಿಟ್ಟರೆ ಒರಟು ಸೂತ್ರ ಯಾವಾಗಲೂ ಇದ್ದುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಗಳೆಯಿಂದ ಅಳೆದು ಇಷ್ಟು ಮತ್ತರು ಎಂದು ಶಾಸನಗಳಲ್ಲಿ ಬರೆಸುತ್ತಿದ್ದ ಕಾಲದಲ್ಲಿ, ತೆರಿಗೆಯೂ ಆ ಅಳತೆಯನ್ನೇ ಹಿಡಿದು ಬಂದರೆ, ಈ ಹೆಚ್ಚಳದ ಭಾರ ಯಾರ ಮೇಲೆ ಬೀಳುತ್ತದೆಂದು ಹೇಳಬೇಕಾಗಿಲ್ಲ.

ಸೂಕ್ಷ್ಮ ಸೂತ್ರವೂ ಎಲ್ಲ ಕಡೆ ನಡೆಯದು. ಸಮನಾದ ನಾಲ್ಕು ಕಡ್ಡಿಗಳನ್ನು ತುದಿಗಳಲ್ಲಿ ದಾರದಿಂದ ಕಟ್ಟಿ ಚೌಕ ಮಾಡಿ, ಒಂದು ಮೂಲೆಯನ್ನು ಮೆಲ್ಲನೆ ಒತ್ತಿದರೆ ಗೊತ್ತಾಗುತ್ತದೆ. ಬಾಹುಗಳು ಇದ್ದಷ್ಟೇ ಇವೆ, ಒಳಗಿನ ಜಾಗ ಮಾತ್ರ ಕುಗ್ಗುತ್ತ ಹೋಗುತ್ತದೆ. ಸೂತ್ರವೋ ಚೌಕದ ವಿಸ್ತೀರ್ಣವನ್ನೇ ಹೇಳುತ್ತಿರುತ್ತದೆ! ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಬಂದಾಗ ಮಾತ್ರ ಅದು ಸರಿ. 628ರಲ್ಲಿ ಬ್ರಹ್ಮಗುಪ್ತ ಕೊಟ್ಟಿದ್ದ ಈ ಸೂತ್ರದ ಮಿತಿಯನ್ನು ಮಹಾವೀರ ಹೇಳಲಿಲ್ಲ. ಹೇಳಿದವನು 1150ರ ‘ಲೀಲಾವತಿ’ಯ ಕರ್ತೃ ಭಾಸ್ಕರಾಚಾರ್ಯ. ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಹೇಳಹೊರಟವನು ಇನ್ನೂ ದೊಡ್ಡ ಪಿಶಾಚಿ ಎಂದು ಆತ ಬೈದಿದ್ದಾನೆ. ಗಣಿತದ ಪುಸ್ತಕದಲ್ಲಿ ಇಂಥ ಬೈಗುಳ ಅಪರೂಪ. ಅದೇ ಭಾಸ್ಕರ ಗಾಳಿಗೆ ಮುರಿದ 32 ಮೊಳದ ಬಿದಿರನ್ನೂ ಮಕ್ಕಳ ಮುಂದಿಡುತ್ತಾನೆ. ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದೆ. ಎಷ್ಟು ಎತ್ತರದಲ್ಲಿ ಮುರಿಯಿತು? 12 ಮೊಳದಲ್ಲಿ.

ಈ ವಿದ್ಯೆ ಕನ್ನಡಕ್ಕೆ ಬಂದದ್ದು 12ನೆಯ ಶತಮಾನದಲ್ಲಿ, ಪೂವಿನಬಾಗೆಯ ರಾಜಾದಿತ್ಯನಿಂದ. ಆತ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ರಚಿಸಿದ. ಸಂಸ್ಕೃತ ಬಾರದ ಲೆಕ್ಕಿಗನಿಗೂ ಕ್ಷೇತ್ರಗಣಿತದ ಬಾಗಿಲು ತೆರೆದದ್ದು ಸಣ್ಣ ಮಾತಲ್ಲ. ಈ ಪರಂಪರೆಯ ಸೂತ್ರಪದ್ಯಗಳಲ್ಲಿ ಸಾಧನೆಯ ವಿವರ ಇರುತ್ತಿರಲಿಲ್ಲ, ಅದು ದೊಡ್ಡ ಕೊರತೆಯೇ. ಬ್ರಿಟಿಷರ ಕಾಲದ ಶಾಲೆಗೆ ಬಂದ ಯೂಕ್ಲಿಡ್ ಪ್ರಮೇಯ, ಸಾಧನೆಗಳನ್ನು ತಂದ. ಆದರೆ ಅವನ ತ್ರಿಭುಜಕ್ಕೆ ಬದುಗಳಿರಲಿಲ್ಲ.

ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ತ್ರಾಪಿಜ್ಯದ ಲೆಕ್ಕದಲ್ಲಿ ಸಾಮಾನ್ಯವಾಗಿ ಎತ್ತರವನ್ನು ಕೊಟ್ಟೇ ಬಿಟ್ಟಿರುತ್ತಾರೆ. ಹೊಲದಲ್ಲಿ ಅದನ್ನು ಕೊಡುವವರು ಯಾರೂ ಇಲ್ಲ, ಲಂಬವನ್ನು ತಾನೇ ಹಾಕಬೇಕು. ಅದಕ್ಕೆ ಒಂದು ಹಗ್ಗ ಸಾಕು. ಹಗ್ಗವನ್ನು 12 ಸಮಭಾಗ ಮಾಡಿ, ತುದಿಗಳನ್ನು ಕೂಡಿಸಿ, ಮೂವರು ಮಕ್ಕಳು 3, 4, 5 ಭಾಗಗಳ ತ್ರಿಭುಜವಾಗುವಂತೆ ಬಿಗಿಯಾಗಿ ಹಿಡಿದು ನಿಂತರೆ, 3ರ ಭಾಗ ಮತ್ತು 4ರ ಭಾಗ ಕೂಡುವ ಮೂಲೆಯಲ್ಲಿ ಲಂಬಕೋನ ಸಿಗುತ್ತದೆ.