ಬೆಲ್ಚಿಯಿಂದ ಮರಕುಂಬಿಗೆ: ಬೀದಿಗಿಳಿದ ನಾಟಕದ ಕತಿ



ಮುನಿರಾಬಾದಿನ ನಮ್ಮ ಓಣಿ ಹುಡುಗರು ಮೊನ್ನೆ ಬಂದು, 'ಅಣ್ಣಾ, ನಾವೂ ಒಂದು ನಾಟಕ ತಂಡ ಕಟ್ಟಬೇಕಂತೀವಿ. ಸ್ಟೇಜಿಗೆ, ಲೈಟಿಗೆ ರೊಕ್ಕ ಎಲ್ಲಿಂದ ತರೋದು?' ಅಂದ್ರು. ಸ್ಟೇಜು ಬ್ಯಾಡ್ರೋ, ಮೊದಲು 'ಸಮುದಾಯ'ದ ಕತಿ ಕೇಳ್ರಿ ಅಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಮ್ಮ ಭಾಗದಾಗ ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕ ಯಾವುದಕ್ಕೂ ಬರ ಇರಲಿಲ್ಲ. ಆದ್ರ ಡಂಗುರ ಸಾರೋ ಹಲಗಿ ನಮ್ಮದು, ಮುಂದಿನ ಸಾಲು ಊರವರದು. ನಮ್ಮ ಹಿರಿಯರು ದೂರ ನಿಂತು ನೋಡಿದವರು. ಆಟದಾಗ ರಾಜ ಸತ್ತರೆ ಅತ್ತರು. ತಮ್ಮವರ ಸಾವನ್ನ ಆಟದಾಗ ಕಾಣಲಿಲ್ಲ.

1975, ತುರ್ತು ಪರಿಸ್ಥಿತಿಯ ವರ್ಷ. ಬೆಂಗಳೂರಿನಲ್ಲಿ ಪ್ರಸನ್ನ ಮತ್ತು ಅವರ ಗೆಳೆಯರು ಸೇರಿ 'ಸಮುದಾಯ' ಕಟ್ಟಿದರು. ಮೊದಮೊದಲು ರಂಗಮಂದಿರದ ನಾಟಕಗಳು. 'ತಾಯಿ', 'ಗೆಲಿಲಿಯೊ' ಆಡಿದರು. ಆದರೆ ಟಿಕೆಟ್ ತಗೊಂಡು ಬರೋರಿಗೆ ಮಾತ್ರ ನಾಟಕ ಮಾಡಿದರೆ ಸಾಲದು ಅನ್ನಿಸಿ ಬೀದಿಗಿಳಿದರು. ಚಸ್ನಾಲಾ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ನೂರಾರು ಕಾರ್ಮಿಕರು ಸತ್ತದ್ದು ಬೀದಿ ನಾಟಕವಾಯ್ತು. ಅದಕ್ಕಿಂತ ನಮಗೆ ಹತ್ತಿರದ್ದು 'ಬೆಲ್ಚಿ'.

ಬೆಲ್ಚಿ ಬಿಹಾರದ ಒಂದು ಹಳ್ಳಿ. 1977ರ ಮೇ 27ರಂದು ಅಲ್ಲಿ ಜಮೀನ್ದಾರಿ ಗುಂಪು 11 ಜನರನ್ನು ಕೊಂದು ಬೆಂಕಿಗೆ ಹಾಕಿತು. ಅವರಲ್ಲಿ 8 ಜನ ದಲಿತರು. ಅದೇ ಆಗಸ್ಟಿನಲ್ಲಿ ಇಂದಿರಾ ಗಾಂಧಿ ಕೆಸರು ದಾಟಿ ಆನೆ ಮೇಲೆ ಆ ಊರಿಗೆ ಹೋದರು. ದೇಶಕ್ಕೆ ಆನೆ ನೆನಪುಳಿತು, ಸುಟ್ಟವರ ಹೆಸರು ಮರೆತುಹೋಯ್ತು. ಆ ಮರೆವಿಗೆ ಎದುರಾಗಿ ನಿಂತದ್ದು ಸಿ.ಜಿ. ಕೃಷ್ಣಸ್ವಾಮಿ ಅವರ 'ಬೆಲ್ಚಿ' ಬೀದಿ ನಾಟಕ. ನಮ್ಮ ಸಿಜಿಕೆ, ಅರ್ಥಶಾಸ್ತ್ರದ ಮೇಷ್ಟ್ರು. ಪರದೆ ಇಲ್ಲ, ಬಣ್ಣ ಇಲ್ಲ, ಮೈಕಿಲ್ಲ. ಸುತ್ತ ಜನ, ನಡುವೆ ಆಟ. 1979ರ ಸಮುದಾಯ ಜಾಥಾದಲ್ಲಿ ಬೀದಿ ನಾಟಕ ಹಳ್ಳಿ ಹಳ್ಳಿ ತಿರುಗಿತು.

ಸುತ್ತ ನಿಂತು ನೋಡೋ ಆಟಕ್ಕೆ ಮುಂದಿನ ಸಾಲು, ಹಿಂದಿನ ಸಾಲು ಅನ್ನೋದಿಲ್ಲ. ನನ್ನ ಪಾಲಿಗೆ ಬೀದಿ ನಾಟಕ ಮಾಡಿದ ದೊಡ್ಡ ಕೆಲಸ ಇದು. ಕೇರಿಯವರ ಸಾವು ಊರ ಅಗಸಿಯಲ್ಲೇ ನಡೆದು ತೋರಿಸಿತು. ಕೊಂದವರ ಜಾತಿಯವರೂ ಅದೇ ಸುತ್ತಿನೊಳಗೆ ನಿಂತು ನೋಡಬೇಕಾಯ್ತು.

ಒಂದು ಮಾತು ಬಿಡದೆ ಹೇಳಬೇಕು. ಸಮುದಾಯದಲ್ಲಿ ಇದ್ದವರು ಹೆಚ್ಚಾಗಿ ಓದಿದ, ನೌಕರಿ ಮಾಡೋ ಮಂದಿ. ನಮ್ಮ ಸಾವನ್ನ ಅವರು ಆಡಿ ತೋರಿಸಿದ್ರು, ಅದರ ಋಣ ಇದೆ. ಆದ್ರ ನಮ್ಮ ದನಿ ನಮ್ಮ ಬಾಯಿಂದಲೇ ಬರಬೇಕಿತ್ತು. ಅದೇ ಕಾಲಕ್ಕೆ ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ, ಸಿದ್ಧಲಿಂಗಯ್ಯನವರ ಹಾಡು ಆ ದನಿ ಕೊಟ್ಟವು. ಡಂಗುರದ ಹಲಗಿ ಹೋರಾಟದ ಹಲಗಿ ಆಯ್ತು. ಮುಂದೆ ದೇವನೂರ ಮಹಾದೇವರ 'ಒಡಲಾಳ'ವನ್ನು ಸಿಜಿಕೆ ರಂಗಕ್ಕೆ ತಂದಾಗ, ಉಮಾಶ್ರೀ ಅವರ ಸಾಕವ್ವನಲ್ಲಿ ಜನ ಕೇರಿಯ ಸಾವನ್ನಲ್ಲ, ಬದುಕನ್ನ ನೋಡಿದರು.

ಬೆಲ್ಚಿ ಬಿಹಾರದ್ದು, ದೂರದ್ದು ಅನ್ನಬ್ಯಾಡ್ರಿ. ನಮ್ಮದೇ ಗಂಗಾವತಿ ತಾಲೂಕಿನ ಮರಕುಂಬಿ ಇದೆ. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ನೆಪ ಗಂಗಾವತಿಯ ಸಿನಿಮಾ ಟಾಕೀಸಿನ ಜಗಳ. ನೋಡೋ ಜಾಗದಾಗೇ ಶುರುವಾಯ್ತು ನೋಡ್ರಿ! 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಮುಂದೆ ಹೈಕೋರ್ಟಿಗೂ ಹೋಯ್ತು. ಹತ್ತು ವರ್ಷ ಸಾಕ್ಷಿ ಹೇಳೋಕೆ ಓಡಾಡಿದ ಜನರ ಕತಿ ತೀರ್ಪಿನ ಹಾಳಿಯೊಳಗೇ ಉಳಿದರೆ, ಅದೂ ಆನೆಯ ಫೋಟೋ ಹಂಗ ಆಗ್ತದ.

ಅದಕ್ಕೇ ಹುಡುಗರಿಗೆ ಹೇಳಿದೆ: ಹಲಗಿ ನಿಮ್ಮ ಮನ್ಯಾಗೇ ಐತಿ. ಮೊದಲು ಮರಕುಂಬಿಗೆ ಹೋಗಿ ಆ ತಾಯಂದಿರ ಮಾತು ಕೇಳ್ರಿ, ಅವರ ಒಪ್ಪಿಗಿ ತಗೊಳ್ರಿ. ಆಮೇಲೆ ಆಟ ಕಟ್ರಿ. ಕೇರ್ಯಾಗ ಅಷ್ಟೇ ಅಲ್ಲ, ಊರ ಅಗಸ್ಯಾಗೂ ಆಡ್ರಿ. ಸುತ್ತ ನಿಲ್ಲೋಕೆ ನಾವೆಲ್ಲ ಬರ್ತೀವಿ.

ಜೈಭೀಮ್.