ದಾನಿಗೊಂದು ಮಾತು, ತಾಯಿಗೊಂದು ಮಾತು

ವಿಶ್ವಸಂಸ್ಥೆಯ ಮಹಾಸಭೆಯು 1946ರ ಡಿಸೆಂಬರ್ 11ರಂದು ಅಂತಾರಾಷ್ಟ್ರೀಯ ಮಕ್ಕಳ ತುರ್ತು ನಿಧಿಯನ್ನು, ಅಂದರೆ ಮುಂದೆ ಯುನಿಸೆಫ್ ಎಂದೇ ಹೆಸರಾದ ಸಂಸ್ಥೆಯನ್ನು ಸ್ಥಾಪಿಸಿದಾಗ, ಯುದ್ಧದಿಂದ ನಲುಗಿದ ದೇಶಗಳ ಮಕ್ಕಳಿಗೆ ಹಾಲು, ಬಟ್ಟೆ, ಔಷಧಿ ಒದಗಿಸುವ ಕೆಲಸವನ್ನು ಅದಕ್ಕೆ ವಹಿಸಿತೇ ಹೊರತು ಆ ಕೆಲಸಕ್ಕೆ ನಿಶ್ಚಿತವಾದ ವರಮಾನವನ್ನು ಗೊತ್ತುಮಾಡಲಿಲ್ಲ. ಸದಸ್ಯ ರಾಷ್ಟ್ರಗಳು ವಿಶ್ವಸಂಸ್ಥೆಗೆ ಕಡ್ಡಾಯವಾಗಿ ಸಲ್ಲಿಸುವ ವಂತಿಗೆಯಲ್ಲಿ ಈ ನಿಧಿಗೆ ಪಾಲಿರಲಿಲ್ಲ. ಸರ್ಕಾರಗಳಾಗಲಿ ಸಾರ್ವಜನಿಕರಾಗಲಿ ತಾವಾಗಿ ಕೊಟ್ಟ ಹಣದಿಂದಲೇ ಅದು ನಡೆಯಬೇಕಿತ್ತು, ಇಂದಿಗೂ ಹಾಗೆಯೇ ನಡೆಯುತ್ತಿದೆ. ಹೀಗಾಗಿ ಮುಂದಿನ ವರ್ಷದ ಲಸಿಕೆಗೆ ಹಣ ಹುಟ್ಟಬೇಕಾದರೆ ಈ ವರ್ಷ ಹಾಕಿದ ಲಸಿಕೆಯ ಸುದ್ದಿ ದಾನಿಗಳಿಗೆ ಮುಟ್ಟಲೇಬೇಕಿತ್ತು. ಅದೇ ಸಂಸ್ಥೆ ಲಸಿಕೆ ಹಾಕಿಸಿಕೊಳ್ಳಬೇಕಾದ ಜನರೊಡನೆಯೂ ಮಾತನಾಡಬೇಕಿದ್ದುದರಿಂದ ಅದರ ಪ್ರಚಾರಕ್ಕೆ ಮೊದಲಿನಿಂದಲೂ ಇಬ್ಬರು ಕೇಳುಗರಿದ್ದರು: ದೂರದೂರಿನಲ್ಲಿ ಹಣ ಕೊಡುವ ದಾನಿ ಒಬ್ಬ, ಮಗುವಿನ ತೋಳನ್ನು ಸೂಜಿಗೆ ಒಡ್ಡಬೇಕಾದ ತಾಯಿ ಇನ್ನೊಬ್ಬಳು. ದಾನಿಗೆ ಭರವಸೆ ತರುವ ಮಾತೇ ತಾಯಿಯಲ್ಲಿ ಶಂಕೆ ಹುಟ್ಟಿಸಬಲ್ಲದು ಎಂಬುದು ಸಂಸ್ಥೆಗೆ ಮನವರಿಕೆಯಾದದ್ದು ನಿಧಾನವಾಗಿ, ಅದೂ ಬಹುಮಟ್ಟಿಗೆ ಭಾರತದಲ್ಲಿ.

ದಾನಿಗಳ ಕಡೆಯ ಪ್ರಚಾರ ಬೇಗನೆ ಕೈಗೂಡಿತು. ಚೆಕೊಸ್ಲೊವಾಕಿಯದ ಏಳು ವರ್ಷದ ಶಾಲಾ ಬಾಲಕಿಯೊಬ್ಬಳು ತನ್ನ ಊರಿಗೆ ಬಂದ ನೆರವಿಗೆ ಕೃತಜ್ಞತೆಯಾಗಿ, ಕಾಗದಕ್ಕೆ ಬರವಿದ್ದ ಕಾರಣ ಗಾಜಿನ ಮೇಲೆ ಬಿಡಿಸಿದ ಚಿತ್ರವು 1949ರಲ್ಲಿ ಸಂಸ್ಥೆಯ ಮೊದಲ ಶುಭಾಶಯ ಪತ್ರವಾಗಿ ಅಚ್ಚಾಯಿತು. ಮುಂದಿನ ದಶಕಗಳಲ್ಲಿ ಇಂಥ ಪತ್ರಗಳ ಮಾರಾಟವೇ ಒಂದು ದೊಡ್ಡ ಆದಾಯಮೂಲವಾಗಿ ಬೆಳೆಯಿತು. 1950ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ, ಹ್ಯಾಲೊವೀನ್ ಹಬ್ಬದ ಸಂಜೆ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಮಕ್ಕಳು ಖಾಲಿ ಹಾಲಿನ ಡಬ್ಬಗಳನ್ನು ಹಿಡಿದು ಸಂಸ್ಥೆಗಾಗಿ ಚಿಲ್ಲರೆ ಕೂಡಿಸಿದರು, ಆ ಮೊದಲ ಸಲ ಕೂಡಿದ್ದು 17 ಡಾಲರ್. ಶ್ರೀಮಂತ ದೇಶಗಳಲ್ಲಿ ಹುಟ್ಟಿಕೊಂಡ ರಾಷ್ಟ್ರೀಯ ಸಮಿತಿಗಳು, ಅಂದರೆ ಸಂಸ್ಥೆಯ ಹೆಸರಿನಲ್ಲಿ ಹಣ ಸಂಗ್ರಹಿಸುವ ಸ್ಥಳೀಯ ಮಂಡಳಿಗಳು, ಇಂಥ ರೂಢಿಗಳನ್ನು ವ್ಯವಸ್ಥಿತವಾಗಿ ಬೆಳೆಸಿದವು. ಲಸಿಕೆಯು ಈ ಬಗೆಯ ಪ್ರಚಾರಕ್ಕೆ ಹೇಳಿಮಾಡಿಸಿದಂತಿತ್ತು. ಹಳ್ಳಿಯೊಂದರ ನೈರ್ಮಲ್ಯ ಸುಧಾರಿಸಲು ಎಷ್ಟು ಹಣ ಬೇಕೆಂದು ಯಾರೂ ಸುಲಭವಾಗಿ ಹೇಳಲಾರರು. ಇಷ್ಟು ಕಾಸಿಗೆ ಇಷ್ಟು ಮಕ್ಕಳಿಗೆ ಲಸಿಕೆ ಎಂಬ ಲೆಕ್ಕವನ್ನು ಮಾತ್ರ ಶಾಲೆಯ ಮಗುವೂ ಮಾಡಬಲ್ಲದು.

ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತೋರಿಸಿದ್ದು ಬಿಸಿಜಿ. ಕಾಲ್ಮೆಟ್ ಮತ್ತು ಗೆರಾಂ ಎಂಬ ಫ್ರೆಂಚ್ ವಿಜ್ಞಾನಿಗಳು ದನಗಳ ಕ್ಷಯಾಣುವನ್ನು ಪಳಗಿಸಿ, 1921ರಲ್ಲಿ ಮೊದಲ ಬಾರಿಗೆ ಮಗುವಿಗೆ ಕೊಟ್ಟ ಈ ಲಸಿಕೆಯನ್ನು, ಯುದ್ಧಾನಂತರದ ಯುರೋಪಿನಲ್ಲಿ ಡೆನ್ಮಾರ್ಕಿನ ರೆಡ್ ಕ್ರಾಸ್ ಸಂಸ್ಥೆ ಸಾಮೂಹಿಕವಾಗಿ ಬಳಸತೊಡಗಿತು. ನಾರ್ವೆ ಮತ್ತು ಸ್ವೀಡನ್ನಿನ ಪರಿಹಾರ ಸಂಸ್ಥೆಗಳೂ ಅದರೊಡನೆ ಕೂಡಿಕೊಂಡು, 1948ರಿಂದ ಯುನಿಸೆಫ್‌ನ ಹಣಬಲದಲ್ಲಿ ನಡೆದ ಅಂತಾರಾಷ್ಟ್ರೀಯ ಕ್ಷಯ ಅಭಿಯಾನವು 1951ರ ಮಧ್ಯಭಾಗಕ್ಕೆ ಮುಗಿದಾಗ, ಸುಮಾರು 3 ಕೋಟಿ ಜನರ ಪರೀಕ್ಷೆ ನಡೆಸಿ 1.4 ಕೋಟಿಯಷ್ಟು ಜನರಿಗೆ ಲಸಿಕೆ ಹಾಕಿತ್ತು. ದಾನಿಗಳ ಮುಂದಿಡಲು ಇದಕ್ಕಿಂತ ಒಳ್ಳೆಯ ಅಂಕಿಗಳು ಬೇಕಿರಲಿಲ್ಲ.

ಭಾರತದಲ್ಲಿ 1948ರಲ್ಲಿ ಮದನಪಲ್ಲಿಯಂಥ ಕಡೆ ಪ್ರಾಯೋಗಿಕವಾಗಿ ಆರಂಭವಾದ ಬಿಸಿಜಿ, ಮದ್ರಾಸಿನ ಗಿಂಡಿಯಲ್ಲಿರುವ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅದೇ ವರ್ಷ ತೆರೆದ ಪ್ರಯೋಗಾಲಯದ ಲಸಿಕೆಯ ಬಲದಿಂದ, 1951ರ ಹೊತ್ತಿಗೆ ದೇಶವ್ಯಾಪಿ ಅಭಿಯಾನವಾಯಿತು. ಈ ಅಭಿಯಾನದ ವಿಧಾನವೇ ಪ್ರಚಾರಕರಿಗೆ ಕಷ್ಟ ತಂದಿತು. ಮೊದಲ ದಿನ ಟ್ಯೂಬರ್ಕ್ಯುಲಿನ್ ಪರೀಕ್ಷೆಗಾಗಿ, ಅಂದರೆ ದೇಹಕ್ಕೆ ಈಗಾಗಲೇ ಕ್ಷಯಾಣುವಿನ ಪರಿಚಯ ಆಗಿದೆಯೇ ಎಂದು ತಿಳಿಯಲು, ಮುಂದೋಳಿನ ಚರ್ಮಕ್ಕೆ ಚಿಕ್ಕ ಚುಚ್ಚುಮದ್ದು. ಸುಮಾರು ಮೂರು ದಿನಗಳ ಬಳಿಕ ಆ ಜಾಗದಲ್ಲಿ ಗಂಟು ಎದ್ದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಏಳದವರಿಗೆ ಮಾತ್ರ ತೋಳಿನ ಮೇಲ್ಭಾಗದಲ್ಲಿ ಲಸಿಕೆ. ಕೆಲವು ವಾರಗಳ ನಂತರ ಅಲ್ಲಿ ಸಣ್ಣ ಹುಣ್ಣಾಗಿ, ಒಣಗಿ, ಜೀವಮಾನವಿಡೀ ಉಳಿಯುವ ಕಲೆ. ಒಂದೇ ಸಾಲಿನಲ್ಲಿ ನಿಂತ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಎರಡನೆಯ ಸೂಜಿ ಏಕೆ, ಇನ್ನೊಬ್ಬನಿಗೆ ಏಕಿಲ್ಲ, ಕಾಯಿಲೆಯಿಲ್ಲದ ಮಗುವಿಗೆ ಕಾಯಿಲೆಯ ಅಣುವನ್ನೇ ಏಕೆ ಕೊಡಬೇಕು ಎಂಬ ಪ್ರಶ್ನೆಗಳಿಗೆ ಹಳ್ಳಿಯ ಚಾವಡಿಯ ಮುಂದೆ ಧ್ವನಿವರ್ಧಕದಲ್ಲಿ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಇವೇ ಪ್ರಶ್ನೆಗಳನ್ನು ಮದ್ರಾಸಿನಲ್ಲಿ ಓದುಬರಹ ಬಲ್ಲವರು ಎತ್ತಿದರು. ಎ. ವಿ. ರಾಮನ್ ಎಂಬ ನಿವೃತ್ತ ನೈರ್ಮಲ್ಯ ಎಂಜಿನಿಯರ್ ತಮ್ಮ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬಿಸಿಜಿಯನ್ನು ವಿರೋಧಿಸಿ ಬರೆದರು. ಭಾರತದ ಮಕ್ಕಳನ್ನು ಹೊರಗಿನವರು ಪ್ರಯೋಗಪಶುಗಳಂತೆ ಬಳಸುತ್ತಿದ್ದಾರೆ ಎಂಬ ಆಕ್ಷೇಪವು ಆ ವಿರೋಧದ ತಿರುಳಾಗಿತ್ತು. ಕೆಲಕಾಲದ ಹಿಂದಷ್ಟೇ ಮದ್ರಾಸಿನ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದ ರಾಜಾಜಿಯವರು 1955ರಲ್ಲಿ ತಾವು ಬಿಸಿಜಿಯನ್ನು ಏಕೆ ವಿರೋಧಿಸುತ್ತೇವೆಂದು ವಿವರಿಸುವ ಕಿರುಪುಸ್ತಕವನ್ನೇ ಪ್ರಕಟಿಸಿದಾಗ ವಿವಾದ ದೇಶಮಟ್ಟಕ್ಕೆ ಏರಿತು. ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಲಸಿಕೆಯ ಪರವಾಗಿ ಗಟ್ಟಿಯಾಗಿ ನಿಂತರು, ಅಭಿಯಾನ ನಿಲ್ಲಲಿಲ್ಲ. ಆದರೆ ಈ ವಿರೋಧವನ್ನು ಮೂಢನಂಬಿಕೆಯ ಲೆಕ್ಕಕ್ಕೆ ಬರೆದುಬಿಡುವುದು ಚರಿತ್ರೆಗೆ ನ್ಯಾಯವಲ್ಲ. 1930ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದಲ್ಲಿ ರೋಗಾಣು ಬೆರೆತ ಬಿಸಿಜಿಯಿಂದ 70ಕ್ಕೂ ಹೆಚ್ಚು ಶಿಶುಗಳು ಸತ್ತಿದ್ದ ಸಂಗತಿ ವಿರೋಧಿಗಳಿಗೆ ಗೊತ್ತಿತ್ತು, ಲಸಿಕೆಯ ಫಲದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲವೆಂಬುದೂ ಗೊತ್ತಿತ್ತು. ಯುರೋಪಿನ ದಾನಿಗೆ ಹೆಮ್ಮೆಯ ವಿಷಯವಾಗಿದ್ದ ಪರದೇಶದ ಹಣ, ಪರದೇಶದ ತಂಡ, ಕೋಟಿಗಳ ಎಣಿಕೆ, ಈ ಮೂರೂ ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ತುಂಬದ ದೇಶದಲ್ಲಿ ದೋಷಾರೋಪಗಳಾಗಿ ತಿರುಗಿದವು.

ಇದೇ ವರ್ಷಗಳಲ್ಲಿ ದಾನಿಗಳ ಕಡೆಯ ಪ್ರಚಾರಕ್ಕೆ ಅದರ ಅತ್ಯಂತ ಜನಪ್ರಿಯ ಮುಖ ದೊರೆಯಿತು. ಸಂಸ್ಥೆಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ಮಾರಿಸ್ ಪೇಟ್ ಅವರಿಗೆ ವಿಮಾನಯಾನದಲ್ಲಿ ಪರಿಚಯವಾದ ಹಾಲಿವುಡ್‌ನ ಹಾಸ್ಯನಟ ಡ್ಯಾನಿ ಕೇ 1954ರಲ್ಲಿ ಸಂಸ್ಥೆಯ ಮೊದಲ ಸದ್ಭಾವನಾ ರಾಯಭಾರಿಯಾಗಿ, ಭಾರತವೂ ಸೇರಿದಂತೆ ಏಷ್ಯಾದ ಹಲವು ದೇಶಗಳಲ್ಲಿ ಸುತ್ತಿ, ಕ್ಷಯ, ಮಲೇರಿಯಾ, ಯಾಸ್ ಎಂಬ ಚರ್ಮರೋಗ ಇವುಗಳ ವಿರುದ್ಧ ನಡೆಯುತ್ತಿದ್ದ ಕೆಲಸದ ನಡುವೆ ಮಕ್ಕಳನ್ನು ನಗಿಸಿದ ದೃಶ್ಯಗಳು ‘ಅಸೈನ್‌ಮೆಂಟ್ ಚಿಲ್ಡ್ರನ್’ ಎಂಬ ಕಿರುಚಿತ್ರವಾಗಿ ಲೋಕವಿಡೀ ತೆರೆಕಂಡವು. ಲಸಿಕೆಗೆ ಹೆಸರುವಾಸಿ ಮುಖವನ್ನು ಬಳಸುವುದು ಹೊಸ ಉಪಾಯವೇನೂ ಆಗಿರಲಿಲ್ಲ. ಮೈಸೂರಿನ ಅರಮನೆಯ ಸ್ತ್ರೀಯರನ್ನು ಚಿತ್ರಿಸುವ, ಥಾಮಸ್ ಹಿಕ್ಕಿಯ 1805ರ ವರ್ಣಚಿತ್ರವು ಸಿಡುಬಿನ ಲಸಿಕೆಯ ಪ್ರಚಾರಕ್ಕೆಂದೇ ರಚಿತವಾಯಿತೆಂದು ಇತಿಹಾಸಕಾರರು ಅರ್ಥೈಸಿದ್ದಾರೆ. ಅಲ್ಲಿ ರಾಣಿಯ ಮುಖ ಲಸಿಕೆ ಹಾಕಿಸಿಕೊಳ್ಳುವವರನ್ನು ಉದ್ದೇಶಿಸಿತ್ತು, ಡ್ಯಾನಿ ಕೇಯ ಮುಖ ಹಣ ಕೊಡುವವರನ್ನು. ನಗುವ ಮಗು ಮತ್ತು ನಗಿಸುವ ಅತಿಥಿ ಇಬ್ಬರೂ ಇರುವ ಆ ಚೌಕಟ್ಟನ್ನು ಆಮೇಲೆ ಬಂದ ರಾಯಭಾರಿಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡರು. ಆದರೆ ಮಗುವನ್ನು ಸರದಿಗೆ ಕರೆತಂದ ತಾಯಿಗೆ ಆ ಚೌಕಟ್ಟಿನಲ್ಲಿ ಮಾತಾಡುವ ಅವಕಾಶ ಅಪರೂಪ.

ಆ ಮಾತನ್ನು ಕೇಳಿಸಿಕೊಂಡ ಒಂದು ಅಧ್ಯಯನ ಕರ್ನಾಟಕದಲ್ಲಿ ನಡೆಯಿತು. ಮೈಸೂರು ಅರಸರ ಆಸ್ತಿಯಾಗಿದ್ದ ಬೆಂಗಳೂರಿನ ‘ಅವಲಾನ್’ ಬಂಗಲೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಮತ್ತು ಯುನಿಸೆಫ್ ಕೊಟ್ಟ ಸಲಕರಣೆಗಳ ನೆರವಿನಿಂದ ನೆಲೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ವರದಿಯು, ಜನರಿಗೆ ಅರಿವಿಲ್ಲ, ಅರಿವು ಮೂಡಿಸಿದರೆ ಸಾಕು ಎಂಬ ಪ್ರಚಾರಕರ ನಂಬಿಕೆಯ ಬುಡವನ್ನೇ ಅಲುಗಿಸಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಪರಿವೆ ಇತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಅಲ್ಲಿ ಕಫ ಪರೀಕ್ಷೆಯ ಬದಲು ಕೆಮ್ಮಿನ ಔಷಧಿಯ ಸೀಸೆ ಪಡೆದು ಮರಳಿದ್ದರು. 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ಇರುವ ಆಸ್ಪತ್ರೆಗಳಲ್ಲೇ, ಬಂದ ರೋಗಿಯಿಂದಲೇ ಕೆಲಸ ಆರಂಭಿಸಬೇಕೆಂಬ ತತ್ತ್ವದ ಮೇಲೆ ನಿಂತದ್ದರ ಹಿಂದೆ ಇಂಥ ಶೋಧಗಳಿವೆ. ದಾನಿಗಳಿಗೆ ತೋರಿಸಲು ಇದರಲ್ಲಿ ಚಿತ್ರವತ್ತಾದದ್ದು ಏನೂ ಇಲ್ಲದಿದ್ದುದರಿಂದಲೋ ಏನೋ, ಪ್ರಚಾರ ಸಾಹಿತ್ಯಕ್ಕೆ ತುಮಕೂರಿನ ಪಾಠ ಇಳಿಯಲು ಬಹಳ ಕಾಲ ಹಿಡಿಯಿತು. ಇತ್ತ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ತೊಡಗಿದ ವಿಸ್ತಾರವಾದ ಪ್ರಯೋಗವು, ಬಿಸಿಜಿ ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯುತ್ತಿಲ್ಲವೆಂದು ಆ ಮುಂದಿನ ದಶಕದ ಕೊನೆಗೆ ತೋರಿಸಿತು. ಎಳೆಮಕ್ಕಳ ಮಿದುಳುಪೊರೆಯ ಕ್ಷಯದ ವಿರುದ್ಧ ಅದಕ್ಕಿರುವ ಬಲದಿಂದಾಗಿ ಲಸಿಕೆ ಉಳಿಯಿತಾದರೂ, ಐವತ್ತರ ದಶಕದ ಭಿತ್ತಿಪತ್ರಗಳ ದೃಢವಾದ ದನಿಗೆ ವಿಜ್ಞಾನದ ಆಧಾರ ಅಷ್ಟಾಗಿ ಇರಲಿಲ್ಲ.

1980ರಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದ ಜೇಮ್ಸ್ ಗ್ರಾಂಟ್ ಪ್ರಚಾರವನ್ನು ರಾಜಕಾರಣದ ಮಟ್ಟಕ್ಕೆ ಒಯ್ದರು. ಬೆಳವಣಿಗೆಯ ಗಮನ, ವಾಂತಿಭೇದಿಗೆ ಉಪ್ಪುಸಕ್ಕರೆಯ ದ್ರಾವಣ, ಎದೆಹಾಲು, ಲಸಿಕೆ ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ‘ಗೋಬಿ’ ಎಂದು ಕರೆಸಿಕೊಂಡ ಯೋಜನೆಯನ್ನು ಅವರು 1982ರ ಕೊನೆಗೆ ಮುಂದಿಟ್ಟು, ದೇಶದ ಮುಖ್ಯಸ್ಥರ ಎದುರು ಜೇಬಿನಿಂದ ದ್ರಾವಣದ ಪೊಟ್ಟಣ ತೆಗೆದು ತೋರಿಸುತ್ತಿದ್ದರು. 1985ರಲ್ಲಿ ಎಲ್ ಸಾಲ್ವಡಾರ್‌ನ ಅಂತರ್ಯುದ್ಧದ ಎರಡೂ ಪಕ್ಷಗಳು ಮಕ್ಕಳ ಲಸಿಕೆಗಾಗಿ ಮೂರು ದಿನ ಬಂದೂಕು ಕೆಳಗಿಟ್ಟದ್ದು ಈ ಕಾಲದ ದೊಡ್ಡ ಸುದ್ದಿ. ಅದೇ ವರ್ಷದ ನವೆಂಬರ್ 19ರಂದು ಭಾರತ ಸರ್ಕಾರ ಇಂದಿರಾ ಗಾಂಧಿಯವರ ಸ್ಮರಣೆಯಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭಿಸಿತು. ಲಸಿಕೆಯನ್ನು ತಯಾರಿಕೆಯಿಂದ ಮಗುವಿನವರೆಗೆ ತಣ್ಣಗೆ ಸಾಗಿಸುವ ಶೀತಲ ಸರಪಳಿಗೆ ಬೇಕಾದ ಪೆಟ್ಟಿಗೆಗಳನ್ನು ಯುನಿಸೆಫ್ ಒದಗಿಸಿತು.

ಇಬ್ಬರು ಕೇಳುಗರ ನಡುವಿನ ತೊಡಕು ಕಡೆಗೆ ಗಂಟಾಗಿ ನಿಂತದ್ದು ಪೋಲಿಯೊದಲ್ಲಿ. ರೋಟರಿ ಸಂಸ್ಥೆಯ ದೇಣಿಗೆ, ಹೊರದೇಶಗಳ ನೆರವು ಮತ್ತು ಭಾರತ ಸರ್ಕಾರದ ಸ್ವಂತ ಹಣದಿಂದ 1995ರಲ್ಲಿ ತೊಡಗಿದ ಪಲ್ಸ್ ಪೋಲಿಯೊ, ಕರ್ನಾಟಕವೂ ಸೇರಿದಂತೆ ಬಹುಭಾಗಗಳಲ್ಲಿ ಭಾನುವಾರದ ಹಬ್ಬದಂತೆ ನಡೆಯಿತು. ಆದರೆ 2002ರಲ್ಲಿ ದೇಶದಲ್ಲಿ ಕಂಡ 1,600 ಪ್ರಕರಣಗಳಲ್ಲಿ 1,242 ಉತ್ತರ ಪ್ರದೇಶ ಒಂದರಲ್ಲೇ ಇದ್ದವು. ಲಸಿಕೆಯ ತಂಡ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ, ಎಲ್ಲ ಮಕ್ಕಳೂ ಹನಿ ಪಡೆದಿದ್ದರೆ ‘ಪಿ’ ಎಂದೂ, ಮಗು ಮನೆಯಲ್ಲಿಲ್ಲದಿದ್ದರೆ ಅಥವಾ ಮನೆಯವರು ಬೇಡವೆಂದರೆ ‘ಎಕ್ಸ್’ ಎಂದೂ ಗುರುತು ಹಾಕುತ್ತಿತ್ತು, ಹನಿ ಪಡೆದ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚುತ್ತಿತ್ತು. ಕೆಲವು ಬೀದಿಗಳಲ್ಲಿ ‘ಎಕ್ಸ್’ ಗುರುತುಗಳೇ ಹೆಚ್ಚಿದವು. ಈ ಹನಿಯಿಂದ ಮುಂದೆ ಸಂತಾನವಾಗುವುದಿಲ್ಲ, ಇದು ಅಮೆರಿಕದ ಹೂಟ ಎಂಬ ವದಂತಿಗಳು ವಿಶೇಷವಾಗಿ ಬಡ ಮುಸ್ಲಿಂ ಮೊಹಲ್ಲಾಗಳಲ್ಲಿ ಹಬ್ಬಿದವು. ಅದರ ಬೆನ್ನಲ್ಲೇ, ಚರಂಡಿ ಕಟ್ಟದ, ಜ್ವರಕ್ಕೆ ಮಾತ್ರೆ ಕೊಡದ ಸರ್ಕಾರ ಇದೊಂದು ಹನಿ ಹಿಡಿದು ತಿಂಗಳಿಗೊಮ್ಮೆ ಬಾಗಿಲು ಬಡಿಯುವುದೇಕೆ ಎಂಬ ಪ್ರಶ್ನೆಯೂ ಬಂತು. ಅಮಿತಾಭ್ ಬಚ್ಚನ್ ದೂರದರ್ಶನದಲ್ಲಿ ಹೆತ್ತವರನ್ನು ಗದರಿಸುತ್ತಿದ್ದ ಜಾಹೀರಾತು ಹಲವರನ್ನು ಬೂತಿಗೆ ತಂದಿತು, ಆದರೆ ಈ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಲು ಯುನಿಸೆಫ್ ಬೇರೆ ಸಂಘಟನೆಗಳೊಡನೆ ಕೂಡಿ 2001ರ ಸುಮಾರಿಗೆ ಉತ್ತರ ಪ್ರದೇಶದಲ್ಲಿ ಕಟ್ಟತೊಡಗಿದ ಸಾಮಾಜಿಕ ಸಂಘಟನಾ ಜಾಲವು ಪ್ರಚಾರದ ರೂಪವನ್ನೇ ಬದಲಿಸಿತು. ಅದೇ ಮೊಹಲ್ಲಾದ ಹೆಂಗಸರನ್ನು ಸಣ್ಣ ಗೌರವಧನಕ್ಕೆ ನೇಮಿಸಿ, ಪ್ರತಿಯೊಬ್ಬರಿಗೂ ಕೆಲವು ನೂರು ಮನೆಗಳನ್ನು ವಹಿಸಿ, ಯಾವ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಇಟ್ಟಿಗೆ ಭಟ್ಟಿಗೆ ಗುಳೆ ಹೋಗಿದ್ದಾರೆ, ಯಾವ ಅತ್ತೆ ಬೇಡವೆನ್ನುತ್ತಾಳೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವ ಈ ಜಾಲ ಬಿಹಾರಕ್ಕೂ ಹರಡಿ, ಸುಮಾರು 7,000 ಕಾರ್ಯಕರ್ತೆಯರಷ್ಟು ಬೆಳೆಯಿತು. ಮಸೀದಿಯ ಇಮಾಮರು ಧ್ವನಿವರ್ಧಕದಲ್ಲಿ ಲಸಿಕೆಯ ದಿನ ಸಾರಿದರು. ಆಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ, ಜಾಮಿಯಾ ಹಮ್ದರ್ದ್ ಸಂಸ್ಥೆಗಳು ಬೆಂಬಲಕ್ಕೆ ಬಂದವು. ರೋಗ ಬಿಡದೆ ಕಾಡುತ್ತಿದ್ದ ಉತ್ತರ ಪ್ರದೇಶ ಮತ್ತು ಬಿಹಾರದ 107 ತಾಲ್ಲೂಕು ವಿಭಾಗಗಳಲ್ಲಿ 2009ರಿಂದ ಹನಿಯ ಜೊತೆ ಭೇದಿಗೆ ಸತುವಿನ ಮಾತ್ರೆ, ಕೈತೊಳೆಯುವ ರೂಢಿ, ಶುದ್ಧ ನೀರಿನ ಮಾತೂ ಸೇರಿದ್ದು ಬಾಗಿಲ ಬಳಿ ಕೇಳಿಬಂದ ಆ ಪ್ರಶ್ನೆಗೆ ಸಿಕ್ಕ ತಡವಾದ ಉತ್ತರ. ಈ ಮನೆಗಳಿಗೆ ಹೋದ ಕಾರ್ಯಕರ್ತೆ ಹಣ ಯಾರದೆಂದು ಸಾರುವ ಗೋಜಿಗೆ ಹೋಗುತ್ತಿರಲಿಲ್ಲ. ತಾನು ಯಾರ ಮಗಳು, ಯಾರ ಸೊಸೆ ಎಂಬುದೇ ಅವಳ ಗುರುತಾಗಿತ್ತು. ಅವಳ ಪುಸ್ತಕದ ಅಂಕಿಗಳೇ ಮೇಲೆ ಹೋಗಿ, ಇಂಗ್ಲಿಷಿನಲ್ಲಿ ದಾನಿಗಳ ವಾರ್ಷಿಕ ವರದಿಯಾಗುತ್ತಿದ್ದವು.

2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡ ಪ್ರಕರಣವೇ ಭಾರತದಲ್ಲಿ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣವಾಯಿತು, 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಆ ವೇಳೆಗಾಗಲೇ ಈ ಕೆಲಸದ ಖರ್ಚಿನ ಬಹುಪಾಲನ್ನು ಭಾರತ ಸರ್ಕಾರವೇ ಹೊರುತ್ತಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಲಸಿಕೆ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕುವ ಮಿಷನ್ ಇಂದ್ರಧನುಷ್ ಆರಂಭವಾದಾಗ, ಮೊಹಲ್ಲಾದ ಕಾರ್ಯಕರ್ತೆಯರ ಪುಸ್ತಕಗಳಿಗೆ ದಡಾರ, ಧನುರ್ವಾಯು, ಗಂಟಲುಮಾರಿಗಳ ಕಲಮುಗಳೂ ಸೇರಿಕೊಂಡವು.