ಮಸ್ಕಿಯ ಬಂಡೆಯೂ ಗುಲಾಂ ಯಜ್ದಾನಿಯವರೂ

ಸಿಂಧನೂರಿನಿಂದ ಲಿಂಗಸೂಗೂರಿನ ಬಸ್ಸು ಹತ್ತಿದರೆ, ಕಾಲುವೆ ನೀರಿನ ಭತ್ತದ ಗದ್ದೆಗಳು ಹಿಂದೆ ಸರಿದು ಕಲ್ಲುಗುಡ್ಡಗಳು ಕಾಣತೊಡಗಿದಾಗ ಮಸ್ಕಿ ಬರುತ್ತದೆ. ಅಲ್ಲಿನ ದುರ್ಗದ ಗುಡ್ಡದಲ್ಲಿ ಅಶೋಕನ ಶಾಸನವಿದೆಯೆಂದು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅದು ಸಿಕ್ಕ ಹೊತ್ತಿಗೆ ಅದನ್ನು ಕಾಯಬೇಕಾದ ಇಲಾಖೆ ಆಗಷ್ಟೇ ಕಣ್ಣುಬಿಟ್ಟಿತ್ತು ಎಂಬುದನ್ನು ಮಾತ್ರ ಯಾವ ಮೇಷ್ಟ್ರೂ ಹೇಳಲಿಲ್ಲ.

ನಮ್ಮ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1914ರಲ್ಲಿ ಹೈದರಾಬಾದ್ ಸಂಸ್ಥಾನ ಪುರಾತತ್ವ ಇಲಾಖೆ ತೆರೆದು, ಅದನ್ನು ಗುಲಾಂ ಯಜ್ದಾನಿಯವರ ಕೈಗಿಟ್ಟಿತು. ದೆಹಲಿಯಲ್ಲಿ ಹುಟ್ಟಿದ ಇವರು ವಾಸ್ತುಶಿಲ್ಪಿಯಲ್ಲ, ಅರಬ್ಬಿ-ಪಾರಸಿ ಬಲ್ಲ ವಿದ್ವಾಂಸರು. ಆದರೂ ಹಳೆಯ ಕಟ್ಟಡಗಳ ಆರೈಕೆಯಲ್ಲೇ ಆಯುಷ್ಯ ಕಳೆದರು.

ಮರುವರ್ಷವೇ ಸಿ. ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡ. ಬಂಗಾರ ಹುಡುಕುವವರು ನಮ್ಮ ಕಡೆ ಹೊಸಬರಲ್ಲ, ಹಟ್ಟಿಯ ಹಳಗಾಲದ ಗಣಿಗುಂಡಿಗಳೇ ಸಾಕ್ಷಿ. ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿದರು. 1915ರಲ್ಲೇ ಅದು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಅಚ್ಚಾಯಿತು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ್ದರೂ, ಸಿಕ್ಕ ಶಾಸನಗಳಲ್ಲೆಲ್ಲ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ. ಆ ರಾಜ ಅಶೋಕನೆಂಬುದಕ್ಕೆ ಲಂಕೆಯ ಗ್ರಂಥಗಳನ್ನೇ ನಂಬಬೇಕಿತ್ತು. ಹೆಸರು ಹಿಡಿದು ಹೇಳಿದ ಮೊದಲ ಕಲ್ಲು ಮಸ್ಕಿಯದು. ಗುಜರ್ರಾ, ನಿಟ್ಟೂರು, ಉಡೆಗೋಳದ ಶಾಸನಗಳು ಸಿಕ್ಕಿದ್ದು ಆಮೇಲೆ.

ಯಜ್ದಾನಿಯವರು 1943ರವರೆಗೆ ದುಡಿದರು. ಆಗ ಇದೇ ಸಂಸ್ಥಾನದಲ್ಲಿದ್ದ ಅಜಂತಾದ ಗೋಡೆಗಳಿಂದ ಉದುರುತ್ತಿದ್ದ ಚಿತ್ರಗಳನ್ನು ಹಿಡಿದು ನಿಲ್ಲಿಸಲು 1920ರ ಹೊತ್ತಿಗೆ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ತಜ್ಞರನ್ನು ಕರೆಸಿದರು. ಅವರು ಬಳಿದ ಅರಗಿನ ಲೇಪ ಮುಂದೆ ಹಳದಿಗಟ್ಟಿತು, ಅದನ್ನು ತೆಗೆಯುವುದೇ ಮುಂದಿನ ರಸಾಯನತಜ್ಞರಿಗೆ ಕೆಲಸವಾಯಿತು. ಹಾಗೆಂದು ಅವರನ್ನು ಹಳಿಯಲು ನನಗೆ ಮನಸ್ಸಾಗದು. ಸುಮ್ಮನಿದ್ದಿದ್ದರೆ ಬಣ್ಣವೇ ನೆಲ ಸೇರುತ್ತಿತ್ತು. ಬೀದರ್ ಕೋಟೆಯಲ್ಲಿ ಹೂತಿದ್ದ ಅರಮನೆಗಳ ಮಣ್ಣು ತೆಗೆಸಿದ್ದೂ ಯಜ್ದಾನಿಯವರ ಇಲಾಖೆಯೇ. ಬೀದರಿನ ಸ್ಮಾರಕಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1947ರಲ್ಲಿ ಬಂತು.

ಮಸ್ಕಿಯಲ್ಲಿ ಇಲಾಖೆ ಮೂವತ್ತರ ದಶಕದಲ್ಲಿ ಒಮ್ಮೆ ಅಗೆಯಿತು. ಸಂಸ್ಥಾನ ಹೋದ ಮೇಲೆ, 1954ರಲ್ಲಿ, ಬಿ. ಕೆ. ಥಾಪರ್ ಮತ್ತೆ ಅಗೆಸಿದಾಗ ತಾಮ್ರ-ಶಿಲಾಯುಗದಿಂದ ಮಧ್ಯಯುಗದವರೆಗಿನ ಬದುಕಿನ ಕುರುಹುಗಳು ಪದರಪದರವಾಗಿ ಸಿಕ್ಕವು. ಅಶೋಕ ಬರೆಸಿದ್ದು ಬರಿಯ ಅಡವಿಯಲ್ಲಲ್ಲ, ಆಗಲೇ ಹಳೆಯದಾಗಿದ್ದ ಒಂದು ಊರಿನ ಮಗ್ಗುಲಲ್ಲಿ.

ಬೀದರಿಗೆ ಸಿಕ್ಕ ಆರೈಕೆ ಲಿಂಗಸೂಗೂರು ತಾಲ್ಲೂಕಿನ ಮುದಗಲ್ ಕೋಟೆಗೂ, ಕೃಷ್ಣೆಯ ದಂಡೆಯ ಜಲದುರ್ಗಕ್ಕೂ ಸಿಗಲಿಲ್ಲವೆಂಬ ತಕರಾರು ನನ್ನದು. ರಜೆಗೆ ಊರಿಗೆ ಬಂದವರು ಹಂಪಿಯಷ್ಟೇ ನೋಡಿ ತಿರುಗದೆ, ಮಸ್ಕಿಯಲ್ಲಿ ಇಳಿದು ಗುಡ್ಡ ನೋಡಿ, ಅದೇ ದಾರಿಯಲ್ಲಿ ಮುದಗಲ್‌ಗೂ ಹೋಗಿಬನ್ನಿ.